ನಾಲ್ಕು ಬಾಟಲಿಗಳ ನಡುವೆ

ಇಪ್ಪತ್ತಮೂರನೆಯ ಮನೆಯ ಮೀಟರಿನಲ್ಲಿ ಅಂಕಿಗಳು ಸರಿಯಾಗಿಯೇ ಇದ್ದವು. ತಪ್ಪಾಗಿ ಓದಿದವನು ಅವನೇ. ನಾಲ್ಕು ಸಾವಿರದ ಎಂಟುನೂರ ಎಪ್ಪತ್ತೊಂದು ಎಂದು ಒತ್ತಬೇಕಾದಲ್ಲಿ ಎಂಟುನೂರ ಹದಿನೇಳು ಎಂದು ಒತ್ತಿದ. ಕೈಯಲ್ಲಿದ್ದ ಯಂತ್ರ ಕಿರ್ ಎಂದಿತು: ಹೋದ ತಿಂಗಳಿಗಿಂತ ಕಡಿಮೆ, ಇನ್ನೊಮ್ಮೆ ನೋಡಿ. ಇಪ್ಪತ್ತೆರಡು ವರ್ಷ ಮನೆಮನೆಯ ಮೀಟರು ಓದಿದವನಿಗೆ ಯಂತ್ರ ಹೀಗೆ ಕಿರುಚಿದ ನೆನಪು ಬೆರಳೆಣಿಕೆಯಷ್ಟು. ಹಿಂದೆ ನಿಂತಿದ್ದ ಮನೆಯೊಡತಿ, "ಈ ಸಲ ಎಷ್ಟು ಬರುತ್ತೆ ಸಾರ್?" ಎಂದಳು, ಅಂಕಿಯನ್ನು ಅವನೇ ನಿರ್ಧರಿಸುವವನೇನೋ ಎಂಬ ದನಿಯಲ್ಲಿ. ಬೇರೆ ದಿನವಾಗಿದ್ದರೆ ಎರಡು ನಿಮಿಷ ನಿಂತು ಹೇಳುತ್ತಿದ್ದ: ಟಿ.ವಿ.ಯನ್ನು ರಿಮೋಟಿನಲ್ಲಿ ಆರಿಸಿದರೆ ಸಾಲದು, ಗೋಡೆಯ ಸ್ವಿಚ್ಚನ್ನೇ ಆರಿಸಿ. ದಿನಕ್ಕೊಂದು ಬಟ್ಟೆಗೆ ಇಸ್ತ್ರಿಪೆಟ್ಟಿಗೆ ಕಾಯಿಸಬೇಡಿ, ವಾರದ ಬಟ್ಟೆಗೆಲ್ಲ ಒಮ್ಮೆಗೇ ಕಾಯಿಸಿ, ಕೊನೆಯ ಎರಡು ಬಟ್ಟೆ ಸ್ವಿಚ್ ಆರಿಸಿದ ಮೇಲೆ ಉಳಿದ ಬಿಸಿಯಲ್ಲೇ ಆಗಿಹೋಗುತ್ತವೆ. ನೂರು ಯೂನಿಟ್ ದಾಟಿದ ಮೇಲೆ ದರ ಏರುತ್ತದೆ, ತೊಂಬತ್ತೊಂಬತ್ತರಲ್ಲಿ ನಿಲ್ಲಿಸುವವನೇ ಜಾಣ. ಈ ಮಾತುಗಳಿಗಾಗಿಯೇ ಕಚೇರಿಯವರು ಅವನಿಗೆ ಝೀರೋ ಬಲ್ಬ್ ಎಂದು ಹೆಸರಿಟ್ಟಿದ್ದರು. ಎದುರಿಗೇ ಕರೆಯುತ್ತಿದ್ದರು. ಅವನೂ ನಗುತ್ತಿದ್ದ, ಒಳಗೊಳಗೆ ಅದು ಬೈಗುಳವಲ್ಲ, ಬಿರುದು ಎಂದೇ ಅವನ ಎಣಿಕೆ. ಇವತ್ತು ಮಾತ್ರ ಬಾಯಿ ತೆರೆಯಲಿಲ್ಲ. ಚೀಟಿ ಹರಿದು ಕೊಟ್ಟು, ಗೇಟಿನ ಚಿಲಕ ಹಾಕುವುದನ್ನು ಮರೆತು, ಬೀದಿಗಿಳಿದ. ಬಲಗೈಯ ಹೆಬ್ಬೆರಳಲ್ಲಿ ಬೆಳಗಿನ ತಣ್ಣಗಿನ ಕುಟುಕು ಇನ್ನೂ ಉಳಿದಿತ್ತು. ಬಿಸಿಲು ನೆತ್ತಿಗೆ ಬರುತ್ತಿದ್ದರೂ ಆ ಒಂದು ಬೆರಳು ಬೇರೆ ಯಾರದೋ ಆಗಿತ್ತು.

ಊಟದ ಡಬ್ಬಿ ಮರೆಯದಿದ್ದರೆ ಏನೂ ತಿಳಿಯುತ್ತಿರಲಿಲ್ಲ. ಐದು ತಿಂಗಳಿಂದ ಪ್ರತಿದಿನ ಬೆಳಗ್ಗೆ ಎಂಟಕ್ಕೆ, ಹೆಂಡತಿ ಚಪ್ಪಲಿ ಅಂಗಡಿಯ ಕೆಲಸಕ್ಕೆ ಹೊರಟಮೇಲೆ, ಅವನು ಫ್ರಿಜ್ಜಿನ ಮುಂದೆ ಮಂಡಿಯೂರುತ್ತಿದ್ದ. ರಾತ್ರಿಯೆಲ್ಲ ಮೇಲಿನ ಮಂಜುಗಡ್ಡೆಯ ಖಾನೆಯಲ್ಲಿ ಕಲ್ಲಾದ ನಾಲ್ಕು ನೀರಿನ ಬಾಟಲಿಗಳನ್ನು ಕೆಳಗಿನ ತಟ್ಟೆಗೆ ಇಳಿಸಿ, ಫ್ರಿಜ್ಜಿನ ಸ್ವಿಚ್ ಆರಿಸುತ್ತಿದ್ದ. ಸಾಯಂಕಾಲ ಐದಕ್ಕೆ ಬಂದು ಮತ್ತೆ ಹಾಕುತ್ತಿದ್ದ. ಹಗಲು ಒಂಬತ್ತು ಗಂಟೆ ಕರೆಂಟಿಲ್ಲದೆ ಬಾಟಲಿಗಳೇ ಫ್ರಿಜ್ಜನ್ನು ಕಾಯುತ್ತಿದ್ದವು. ಇದು ಅವನ ಸ್ವಂತ ಉಪಾಯ, ಯಾರಿಂದಲೂ ಎರವಲು ತಂದದ್ದಲ್ಲ. ಮಗಳ ಮನೆಗೆ ಬಂದು ನೆಲೆಸಿದ್ದ ಅತ್ತೆಯ ಸಕ್ಕರೆ ಕಾಯಿಲೆಯ ಇನ್ಸುಲಿನ್ ಶೀಶೆಯನ್ನು ಹೆಂಡತಿ ಬಾಗಿಲಿನ ಮೊಟ್ಟೆಯ ಗುಳಿಯಲ್ಲಿ ನಿಲ್ಲಿಸಿರುತ್ತಿದ್ದಳು. ಬಾಗಿಲ ಕಡೆ ಬೇಗ ಬಿಸಿಯಾಗುತ್ತದೆ, ಔಷಧ ಕೆಟ್ಟೀತು ಎಂದು ಅವನೇ, ತನ್ನ ಕೈಯಾರೆ, ಅದನ್ನು ಎತ್ತಿ ನಾಲ್ಕು ಬಾಟಲಿಗಳ ನಡುವೆ ಇಟ್ಟು ಹೋಗುತ್ತಿದ್ದ. ಸಾಯಂಕಾಲ ತೆಗೆದು ಗುಳಿಗೆ ಮರಳಿಸುತ್ತಿದ್ದ. ಆ ಹೊತ್ತಿಗೆ ಬಾಟಲಿಗಳು ಬೆವೆತು ಅರ್ಧ ನೀರಾಗಿರುತ್ತಿದ್ದವು, ಶೀಶೆ ಹಿತವಾಗಿ ತಂಪಾಗಿರುತ್ತಿತ್ತು. ಇವತ್ತು ಒಂಬತ್ತೂವರೆಗೆ ಡಬ್ಬಿಗಾಗಿ ಮರಳಿ ಬಂದು, ಬಾಟಲಿಗಳು ಹೇಗಿವೆ ಎಂದು ಫ್ರಿಜ್ಜಿನ ಬಾಗಿಲು ತೆರೆದಾಗ ಶೀಶೆ ಒಂದು ಬಾಟಲಿಗೆ ಅಂಟಿಕೊಂಡಿತ್ತು. ಎಳೆದ, ಬರಲಿಲ್ಲ. ಹೆಬ್ಬೆರಳು ಒತ್ತಿ ತಿರುಚಿದಾಗ ಟಕ್ ಎಂದು ಬಿಟ್ಟುಬಂತು. ಕಿಟಕಿಯ ಬೆಳಕಿಗೆ ಹಿಡಿದ. ಔಷಧ ಅಲುಗಲಿಲ್ಲ. ಶೀಶೆಯನ್ನು ತಲೆಕೆಳಗು ಮಾಡಿದ. ಅದು ತಲೆಕೆಳಗಾಗಿಯೂ ಮೇಲೆಯೇ ನಿಂತಿತು, ಬಿಳಿಯ ಸೂಜಿಸೂಜಿಯಾಗಿ, ಮೇಲಿನ ಖಾನೆಯ ಗೋಡೆಗೆ ಕಟ್ಟಿದ ಮಂಜಿನ ಹಾಗೆ.

ಡಾಕ್ಟರ ಕೋಣೆಯಲ್ಲಿ ನಿನ್ನೆ ಮೂರೇ ಕುರ್ಚಿ. ಅವನು ನಿಂತಿದ್ದ. ಡಾಕ್ಟರು ಹಿಂದಿನ ಚೀಟಿಗಳನ್ನು ಇಸ್ಪೀಟಿನ ಎಲೆಗಳಂತೆ ಮೇಜಿನ ಮೇಲೆ ಹರಡಿ, ಮೊದಲು ಹದಿನಾಲ್ಕು ಗೆರೆ ಕೊಡ್ತಿದ್ವಿ, ಎರಡು ತಿಂಗಳ ಹಿಂದೆ ಹದಿನೆಂಟು ಮಾಡಿದ್ವಿ, ಆದರೂ ಸಕ್ಕರೆ ಏರ್ತಾನೇ ಇದೆ ಅಂದ್ರೆ ಹೇಗೆ, ಎಂದರು. ಸಿರಿಂಜಿನ ಮೈಮೇಲಿನ ಗೆರೆಗಳ ಲೆಕ್ಕದಲ್ಲೇ ಆ ಮನೆಯಲ್ಲಿ ಎಲ್ಲರೂ ಮಾತಾಡುತ್ತಿದ್ದುದು. ಆಮೇಲೆ ಡಾಕ್ಟರು ಕನ್ನಡಕ ಮೂಗಿನ ತುದಿಗೆ ಜಾರಿಸಿ, "ಅಮ್ಮಾ, ಕದ್ದು ಸಿಹಿ ತಿಂತೀರಾ?" ಎಂದರು, ಮಗುವನ್ನು ಕೇಳುವ ಹಾಗೆ. ಅತ್ತೆ ಇಲ್ಲ ಎಂದರು. ಹೆಂಡತಿ, "ನಿಜ ಹೇಳಮ್ಮ, ಮೊನ್ನೆ ಸಕ್ಕರೆ ಡಬ್ಬಿ ಮುಚ್ಚಳ ಸಡಿಲ ಇತ್ತು," ಎಂದಳು. ಅತ್ತೆ ಮತ್ತೆ ಇಲ್ಲ ಎಂದರು. ಹೆಂಡತಿಯ ದನಿ ಏರಿತು. ಹೊರಗೆ ಬೆಂಚಿನಲ್ಲಿ ಕೂತವರ ಮಾತು ನಿಂತದ್ದು ಒಳಗೆ ಕೇಳಿಸಿತು. ಹಗಲೆಲ್ಲ ಕಂಡವರ ಪಾದಕ್ಕೆ ಚಪ್ಪಲಿ ತೊಡಿಸಿ ಬರ್ತೀನಿ, ಬಂದು ನಿನಗೆ ಸೂಜಿ ಚುಚ್ತೀನಿ, ನೀನು ಹೀಗೆ ಮಾಡಿದ್ರೆ ನಾನು ಯಾರ ಹತ್ರ ಹೇಳ್ಕೊಳ್ಳಲಿ. ಆಗ ಅತ್ತೆ ಒಮ್ಮೆ ಅವನ ಕಡೆ ನೋಡಿದರು. ಬಹಳ ಚಿಕ್ಕ ನೋಟ, ಗಡಿಯಾರ ನೋಡುವಷ್ಟು. ಮತ್ತೆ ಡಾಕ್ಟರ ಕಡೆ ತಿರುಗಿ, "ಒಂದೊಂದು ಸಲ ತಿಂದಿದ್ದೀನಿ," ಎಂದರು. ಎಷ್ಟು? ಎರಡು ಚಮಚ. ಡಾಕ್ಟರಿಗೆ ನಿರಾಳವಾಯಿತು, ಕಾರಣ ಸಿಕ್ಕಿತಲ್ಲ. ಇಪ್ಪತ್ನಾಲ್ಕು ಗೆರೆ ಎಂದು ಬರೆದು ಕೆಳಗೆ ಎರಡು ಅಡ್ಡಗೀಟು ಎಳೆದರು. ಇದಕ್ಕೂ ಇಳಿಯದಿದ್ದರೆ ಆಸ್ಪತ್ರೆಗೆ ಸೇರಿಸೋದೇ. ಬರುವ ದಾರಿಯಲ್ಲಿ ಹೆಂಡತಿ ಒಂದು ಚಿಕ್ಕ ಬೀಗ ಕೊಂಡಳು. ರಾತ್ರಿ ಅಡುಗೆಮನೆಯ ಕಪಾಟಿಗೆ ಅದು ಬಿತ್ತು. ಅತ್ತೆ ಬೀಗ ಹಾಕುವುದನ್ನು ಕೂತು ನೋಡಿದರು, ಏನೂ ಅನ್ನಲಿಲ್ಲ. ಅವನೂ ಅನ್ನಲಿಲ್ಲ. ಅವನಿಗೆ ಆಗ ಅನ್ನಲು ಏನೂ ಇರಲಿಲ್ಲವಲ್ಲ, ಎಂದು ಈಗ ಬೀದಿಯಲ್ಲಿ ನಡೆಯುತ್ತ ತನಗೆ ತಾನೇ ಹೇಳಿಕೊಂಡ. ಗೊತ್ತಿರಲಿಲ್ಲ. ನಿನ್ನೆ ಗೊತ್ತಿರಲಿಲ್ಲ. ಆದರೆ ಅವನಿಗೆ ನಿನ್ನೆ ಆ ಮುದುಕಿಯ ಮೇಲೆ ಕೋಪ ಬಂದಿತ್ತು, ಕಿಲೋ ಸಕ್ಕರೆ ಇಷ್ಟು ಬೇಗ ಮುಗಿಯುವುದು ಇದಕ್ಕೇ ಎಂದು ಮನಸ್ಸಿನಲ್ಲೇ ಅಳೆದಿದ್ದ. ಅದು ಗೊತ್ತಿಲ್ಲದೆ ಆದದ್ದಲ್ಲ.

ಒಂಬತ್ತೂಮುಕ್ಕಾಲಿಗೆ ಅವನು ಔಷಧದಂಗಡಿಯಲ್ಲಿದ್ದ. ಇನ್ಸುಲಿನ್ ಹೆಪ್ಪುಗಟ್ಟಿದ್ರೆ ಏನ್ಮಾಡ್ಬೇಕು ಅಂತ ನಮ್ಮ ಪರಿಚಯದವರೊಬ್ಬರು ಕೇಳಿದ್ರು, ಎಂದು ಶುರುಮಾಡಿದ. ಅಂಗಡಿಯವನು ತಲೆ ಎತ್ತದೆಯೇ, "ಪರಿಚಯದವರಿಗೆ ಹೇಳಿ ಬಿಸಾಕೋಕೆ. ಒಂದ್ಸಲ ಗಟ್ಟಿಯಾಯ್ತು ಅಂದ್ರೆ ಮುಗೀತು. ಕರಗಿದ ಮೇಲೆ ನೋಡೋಕೆ ಔಷಧಾನೇ, ಕೆಲಸದ ಗ್ಯಾರಂಟಿ ಇಲ್ಲ. ನೀರು ಚುಚ್ಚಿಸಿಕೊಂಡ ಹಾಗೆ," ಎಂದ. ಅವನು ಹೊಸ ಶೀಶೆ ಕೇಳಿದಾಗ ತಲೆ ಎತ್ತಿದ. "ಹೋದ ವಾರ ತಾನೇ ನಿಮ್ಮ ಮನೆಯವರು ತಗೊಂಡು ಹೋದ್ರಲ್ಲ?" ಬಿದ್ದು ಒಡೀತು, ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಅವನ ಕೈ ಜೇಬಿಗೆ ಹೋಯಿತು. ಅಲ್ಲಿ ಹಳೆಯ ಶೀಶೆ ಕರಗುತ್ತಿತ್ತು, ಬಟ್ಟೆ ಒದ್ದೆಯಾಗಿ ತೊಡೆಗೆ ತಾಗುತ್ತಿತ್ತು. ಅಂಗಡಿಯವನು ಜೇಬಿನ ಮೇಲಿನ ಒದ್ದೆ ಗುರುತನ್ನು ನೋಡಿದ, ಚಿಲ್ಲರೆ ಎಣಿಸಿದ. ಮನೆಗೆ ಬಂದು ಹೊಸದನ್ನು ಗುಳಿಯಲ್ಲಿ ನಿಲ್ಲಿಸಿ, ಹಳೆಯದನ್ನು ಕಾಗದದಲ್ಲಿ ಸುತ್ತಿ ಬೀದಿಯ ಕಸದ ಗಾಡಿಗೆ ಎಸೆದು, ಬಾಟಲಿಗಳನ್ನು ಸಿಂಕಿನಲ್ಲಿ ನಿಲ್ಲಿಸಿ, ಫ್ರಿಜ್ಜಿನ ಸ್ವಿಚ್ ಹಾಕಿದ. ಅತ್ತೆಯ ಕೋಣೆಯಿಂದ ಗೊರಕೆ ಕೇಳುತ್ತಿತ್ತು. ಇತ್ತೀಚೆಗೆ ಅವರು ಬೆಳಗೆಲ್ಲ ನಿದ್ದೆಮಾಡುತ್ತಿದ್ದರು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಇನ್ನು ಮೇಲೆ ಔಷಧ ಕೆಲಸ ಮಾಡುತ್ತದೆ, ಸಕ್ಕರೆ ಇಳಿಯುತ್ತದೆ, ಬೀಗ ಹಾಕಿದ್ದರಿಂದ ಇಳಿಯಿತು ಎಂದು ಹೆಂಡತಿ ನಂಬುತ್ತಾಳೆ, ಕೆಲವು ದಿನದಲ್ಲಿ ಬೀಗವೂ ಹೋಗುತ್ತದೆ. ನಷ್ಟ ಒಂದು ಶೀಶೆ. ಮೆಟ್ಟಿಲಿಳಿಯುವಾಗ ಅವನಿಗೆ ಹಗುರವಾಗಿತ್ತು. ಆ ಹಗುರವೇ ಅವನನ್ನು ಇಪ್ಪತ್ತಮೂರು ಮನೆಗಳವರೆಗೆ ನಡೆಸಿಕೊಂಡು ಬಂದು, ಅಲ್ಲಿ ಕೈಬಿಟ್ಟಿತ್ತು. ಯಾಕೆಂದು ಅವನಿಗೆ ಹೊಳೆಯಲಿಲ್ಲ. ಏನೋ ಒಂದು ಕೂಡುತ್ತಿರಲಿಲ್ಲ, ಅಷ್ಟೇ. ಚಪ್ಪಲಿಯೊಳಗಿನ ಮರಳಿನಂತೆ.

ಮೂಲೆಯ ಇಸ್ತ್ರಿ ಅಂಗಡಿಯವಳು ಅವನನ್ನು ಕಾಯುತ್ತಿದ್ದಳು. ಕಾಯಿಸಿದ ಪೆಟ್ಟಿಗೆಯನ್ನು ನಿಲ್ಲಿಸಿ, ಬಿಲ್ಲನ್ನು ಅವನ ಮೂಗಿನ ಮುಂದೆ ಹಿಡಿದಳು.

"ಬನ್ನಿ ಸಾರ್, ಬನ್ನಿ. ಉಪದೇಶ ಆಮೇಲೆ. ಮೊದಲು ಇದನ್ನ ಓದಿ. ನನ್ನ ಹಳೇ ಮೀಟರು ನಿಧಾನಕ್ಕೆ ಓಡ್ತಿತ್ತು, ಹೌದಾ?"

"ಹೌದು. ಅರ್ಧ ಮಾತ್ರ ತೋರಿಸ್ತಿತ್ತು."

"ಅದಕ್ಕೆ ಬಂದ ಅಂಕಿಗೆ ಎರಡರಿಂದ ಗುಣಿಸಿ ಬಿಲ್ ಹಾಕ್ತಿದ್ರಿ. ಸರಿ, ನಾನು ಕಮಕ್ ಕಿಮಕ್ ಅನ್ನಲಿಲ್ಲ. ಹೋದ ತಿಂಗಳು ಹೊಸ ಮೀಟರು ಹಾಕಿದ್ರಿ. ಇದು ಸರಿಯಾಗಿ ಓಡುತ್ತೆ ಅಂತ ನೀವೇ ಹೇಳಿ ಹೋದ್ರಿ. ಹೇಳಿದ್ರೋ ಇಲ್ವೋ?"

"ಹೇಳಿದೆ."

"ಮತ್ತೆ ಈಗಲೂ ಎರಡರಿಂದ ಯಾಕೆ ಗುಣಿಸಿದೀರಿ? ಮೀಟರು ಬದಲಾಯ್ಸಿದ ಮಹಾನುಭಾವರು ಲೆಕ್ಕ ಬದಲಾಯ್ಸಲಿಲ್ವಾ? ಇದೇನು ಸಾರ್, ಕುಂಟನಿಗೆ ಕೋಲು ಕೊಟ್ರಿ, ಕಾಲು ಸರಿಹೋದ ಮೇಲೆ ಅದೇ ಕೋಲಲ್ಲಿ ಹೊಡೀತೀರಾ?"

ಕಚೇರಿಗೆ ಬರೆದುಕೊಡಿ, ತಿದ್ದುತ್ತಾರೆ ಎಂದು ಹೇಳಲು ಬಾಯಿ ತೆರೆದವನು ಹಾಗೆಯೇ ನಿಂತ. ಹದಿನಾಲ್ಕನ್ನು ಹದಿನೆಂಟು ಮಾಡಿದ್ದು, ಹದಿನೆಂಟನ್ನು ಇಪ್ಪತ್ನಾಲ್ಕು ಮಾಡಿದ್ದು, ಸತ್ತ ಔಷಧವನ್ನು ನೋಡಿ. ನಿನ್ನೆ ಸಂಜೆ ಹೋದ ಇಪ್ಪತ್ನಾಲ್ಕು ಗೆರೆ ನೀರು. ಇವತ್ತು ಏಳು ಗಂಟೆಗೆ ಹೋಗುವುದು ಜೀವವಿರುವ ಔಷಧ, ಅದೇ ಇಪ್ಪತ್ನಾಲ್ಕು. ಸಕ್ಕರೆ ಒಮ್ಮೆಗೇ ಕುಸಿದರೆ ಏನಾಗುತ್ತದೆಂದು ಡಾಕ್ಟರ ಕೋಣೆಯ ಗೋಡೆಯ ಮೇಲೆ ಬರೆದಿತ್ತು; ಕುರ್ಚಿ ಸಿಗದೆ ನಿಂತವನಾದ್ದರಿಂದ ಪೂರ್ತಿ ಓದಿದ್ದ. ಬೆವರು, ನಡುಕ, ಎಚ್ಚರ ತಪ್ಪುವುದು. ರಾತ್ರಿ ನಿದ್ದೆಯಲ್ಲಾದರೆ ಪಕ್ಕದವರಿಗೂ ತಿಳಿಯದಿರಬಹುದು. "ಏನ್ ಸಾರ್, ನಾನು ಏನಂದೆ ಅಂತ ಹೀಗೆ ಬೆಳ್ಳಗಾದ್ರಿ?" ಎಂದಳು ಇಸ್ತ್ರಿಯವಳು, ದನಿ ತಗ್ಗಿಸಿ. "ಕೂತ್ಕೊಳ್ಳಿ, ನೀರು ಕೊಡ್ಲಾ? ಬಿಲ್ ಹಾಳಾಗಿಹೋಗ್ಲಿ, ನಿಧಾನಕ್ಕೆ ನೋಡೋಣ."

ಮನೆಯ ಕಡೆ ನಡೆಯುತ್ತ ಅವನು ದಾರಿಗಳನ್ನು ಹುಡುಕಿದ. ಹೆಂಡತಿಗೆ ಫೋನ್ ಮಾಡಿ ಹೇಳಿಬಿಡುವುದು ಎಲ್ಲಕ್ಕಿಂತ ಹತ್ತಿರದ ದಾರಿ; ಮನಸ್ಸು ಅದನ್ನು ದೂರದಿಂದಲೇ ನೋಡಿ ರಸ್ತೆ ದಾಟಿತು. ಆ ಬಾಟಲಿಗಳನ್ನು ಅವಳು ಮೊದಲ ದಿನವೇ ಬೇಡ ಎಂದಿದ್ದಳು. ಇದೊಂದಾದ್ರೂ ಬಿಡ್ರೀ, ಫ್ರಿಜ್ಜೂ ಉಪವಾಸ ಮಾಡಬೇಕಾ ಎಂದು ನಕ್ಕಿದ್ದಳು. ಪೇಸ್ಟಿನ ಟ್ಯೂಬನ್ನು ಕತ್ತರಿಸಿ ಕೆರೆಯುವುದಕ್ಕೆ, ಸಾಬೂನಿನ ಚೂರುಗಳನ್ನು ಕಾಲುಚೀಲದಲ್ಲಿ ಕಟ್ಟಿ ತೂಗುಹಾಕುವುದಕ್ಕೆ, ಸಂತೆ ಏಳುವ ಹೊತ್ತಿಗೆ ಹೋಗಿ ಬಾಡಿದ ಸೊಪ್ಪು ತರುವುದಕ್ಕೆ ಎಲ್ಲಕ್ಕೂ ಅವಳು ಮೊದಲು ನಕ್ಕಿದ್ದಳು. ಆಮೇಲೆ ನಗು ನಿಂತು ಅಭ್ಯಾಸವಾಗಿತ್ತು. ಮೂರನೆಯ ತಿಂಗಳ ಬಿಲ್ಲು ನೂರ ಹನ್ನೆರಡು ಯೂನಿಟ್ಟಿನಿಂದ ತೊಂಬತ್ತಾರಕ್ಕೆ ಇಳಿದಾಗ ಅವನು ಅದನ್ನು ಊಟದ ತಟ್ಟೆಯ ಪಕ್ಕದಲ್ಲಿಟ್ಟು, ಹನಿ ಹನಿ ಕೂಡಿದರೆ ಹಳ್ಳ ಎಂದಿದ್ದ. ಅತ್ತೆ ಮೆಚ್ಚುಗೆಯಿಂದ ತಲೆಯಾಡಿಸಿದ್ದರು. ಈಗ ನಿಜ ಹೇಳಿದರೆ ಅದನ್ನೆಲ್ಲ ಹಿಂದಕ್ಕೆ ಕೊಡಬೇಕು. ಬೇಡ. ಡಾಕ್ಟರೇ ಫೋನ್ ಮಾಡಿ ಹದಿನಾಲ್ಕು ಅಂದ್ರು ಎಂದು ಸುಳ್ಳು ಹೇಳಿದರೆ? ಅವಳು ತಿರುಗಿ ಫೋನ್ ಮಾಡುತ್ತಾಳೆ. ಶೀಶೆ ಕೈತಪ್ಪಿ ಬಿದ್ದ ಹಾಗೆ ಮಾಡಿದರೆ? ಇನ್ನೊಂದು ಕೊಳ್ಳಬೇಕು, ಔಷಧದಂಗಡಿಯವನು ಮತ್ತೆ ತಲೆ ಎತ್ತುತ್ತಾನೆ. ಅಡುಗೆಮನೆಗೆ ಬಂದು, ಹೊಸ ಶೀಶೆಯನ್ನು ಅಂಗೈಯಲ್ಲಿ ಹಿಡಿದು ನಿಂತಾಗ ಒಂದು ಉಪಾಯ ತಾನಾಗಿ ಬಂತು, ಎಷ್ಟು ಸಲೀಸಾಗಿ ಎಂದರೆ ಅದು ತನ್ನದೇ ಎಂದು ಅವನಿಗೆ ಕೂಡಲೇ ಗುರುತಾಯಿತು. ಇದನ್ನೂ ಗಟ್ಟಿಮಾಡಿಬಿಡುವುದು. ಸಂಜೆಯೊಳಗೆ ಕರಗಿರುತ್ತದೆ. ಇವತ್ತಿಗೆ ಮತ್ತೆ ನೀರು ಹೋಗುತ್ತದೆ, ಅಪಾಯವಿಲ್ಲ. ನಾಳೆಗೆ ನಿಧಾನವಾಗಿ ಯೋಚಿಸಬಹುದು. ಖರ್ಚಿಲ್ಲ. ಅವನು ಮೇಲಿನ ಖಾನೆಯ ಬಾಗಿಲು ತೆರೆದು ಶೀಶೆಯನ್ನು ಒಳಗೆ ತಳ್ಳಿದ.

"ಅದನ್ನೂ ಹಾಳುಮಾಡ್ಬೇಡಿ ಅಳಿಯಂದ್ರೇ."

ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಒಂದೇ ಕಾಲಿಗೆ ಚಪ್ಪಲಿ. ಇನ್ನೊಂದು ದಾರಿಯಲ್ಲೆಲ್ಲೋ ಉಳಿದಿತ್ತು.

"ಅದನ್ನೂ ಅಂದ್ರೆ?"

"ಹಳೇದರ ಜೊತೆಗೆ ಇದನ್ನೂ ಅಂತ."

ಅವನು ಬಾಗಿಲು ಮುಚ್ಚಲಿಲ್ಲ. ತಣ್ಣಗಿನ ಹಬೆ ಮುಖಕ್ಕೆ ಬರುತ್ತಿತ್ತು. "ನಿಮಗೆ ಗೊತ್ತಿತ್ತಾ?"

"ಇಪ್ಪತ್ತೊಂಬತ್ತು ವರ್ಷ ಪಾರ್ಸೆಲ್ ಆಫೀಸಲ್ಲಿ ಕೂತವಳು ನಾನು. ಡಬ್ಬಿ ಕಂಡ್ರೆ ಸಾಕು, ಮೇಲೆ ಏನು ಬರೆದಿದೆ ಅಂತ ಓದೋ ಚಟ. ಗಾಜು ಅಂದ್ರೆ ಗಾಜು, ಈ ಕಡೆ ಮೇಲೆ ಅಂದ್ರೆ ಈ ಕಡೆ ಮೇಲೆ. ಹೆಪ್ಪುಗಟ್ಟಿಸಬಾರದು ಅಂತ ದಪ್ಪಕ್ಷರದಲ್ಲಿ ಬರೆದಿದಾರೆ. ಒಂದಿನ ಹತ್ತು ಗಂಟೆಗೆ ನೀರು ತಗೊಳ್ಳೋಕೆ ಬಾಗಿಲು ತೆಗೆದೆ. ನೋಡಿದೆ."

"ಯಾವಾಗ?"

"ಆಯ್ತು, ಒಂದೂವರೆ ತಿಂಗಳು."

"ಒಂದೂವರೆ ತಿಂಗಳು! ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?" ಅವನ ದನಿ ಅವನಿಗೇ ಗುರುತು ಸಿಗದಷ್ಟು ಒರಟಾಗಿತ್ತು. ಅಷ್ಟು ಹೊತ್ತಿನ ನಾಚಿಕೆ ಕೋಪವಾಗಲು ಒಂದು ಸಂದಿಗಾಗಿ ಕಾಯುತ್ತಿತ್ತು. "ಸಾಯೋಕೆ ಹೊರಟಿದ್ರಾ? ಜನ ಏನಂತಿದ್ರು ನನ್ನ?"

"ಕೂಗಬೇಡಿ. ತೆಗೀರಿ ಅದನ್ನ ಮೊದಲು."

ಅವನು ತೆಗೆದ. ಶೀಶೆ ಇನ್ನೂ ನೀರಾಗಿಯೇ ಇತ್ತು. ಅತ್ತೆ ಅದನ್ನು ಕೈಗೆ ತೆಗೆದುಕೊಂಡು, ಒಮ್ಮೆ ಓಲಿಸಿ ನೋಡಿ, ತಾವೇ ಬಾಗಿಲಿನ ಗುಳಿಯಲ್ಲಿ ನಿಲ್ಲಿಸಿದರು.

"ಯಾರಿಗೆ ಹೇಳ್ಲಿ? ನಿಮಗೆ ಹೇಳಿದ್ರೆ ನಿಮಗೆ ಅವಮಾನ. ಅವಳಿಗೆ ಹೇಳಿದ್ರೆ ಮನೆ ರಣರಂಗ. ಅಳಿಯನ ಮನೇಲಿ ಕೂತು ಉಣ್ಣೋಳು ಅಳಿಯನ ತಪ್ಪು ಹುಡುಕಬಾರದು. ನೀವು ಹೋದ್ಮೇಲೆ ನಾನೇ ಎತ್ತಿ ಈಚೆ ಇಡೋಣ ಅಂದ್ಕೊಂಡೆ. ನಾಲ್ಕು ದಿನ ಇಟ್ಟೆ ಕೂಡ. ಆದ್ರೆ ಈ ಹಾಳು ನಿದ್ದೆ, ಎದ್ದು ಬರೋಷ್ಟರಲ್ಲಿ ಹತ್ತಾಗಿರುತ್ತೆ, ಅದು ಕಲ್ಲಾಗಿರುತ್ತೆ." ಅವರು ಸ್ಟೂಲಿನ ಮೇಲೆ ಕೂತರು. "ಇವತ್ತು ಎದ್ದು ಬಾಗಿಲು ತೆಗೆದ್ರೆ ಗುಳೀಲಿ ಹೊಸದು. ಆಗಿಂದ ನನ್ನ ಎದೆ ಹೊಡ್ಕೊಳ್ತಿದೆ. ಇಪ್ಪತ್ನಾಲ್ಕು ಇದ್ರಲ್ಲಿ ಹೋದ್ರೆ ನಾನು ನಾಳೆ ಕಾಫಿ ಕುಡಿಯೋಕೆ ಏಳಲ್ಲ."

ಅವನಿಗಿಂತ ಮುಂಚೆ, ಹಾಸಿಗೆಯಲ್ಲಿ ಮಲಗಿಯೇ, ಅವರು ಲೆಕ್ಕ ಮುಗಿಸಿದ್ದರು. ಅವನು ಸಿಂಕಿನಲ್ಲಿ ನಿಂತ ಬಾಟಲಿಗಳನ್ನು ನೋಡಿದ. "ಮತ್ತೆ ನಿನ್ನೆ, ಸಕ್ಕರೆ ತಿಂದೆ ಅಂದ್ರಲ್ಲ?"

"ಅವರಿಗೊಂದು ಉತ್ತರ ಬೇಕಾಗಿತ್ತು. ಕೊಟ್ಟೆ. ಹೊರಗೆ ಅಷ್ಟು ಜನ ಕೇಳ್ತಾ ಕೂತಿದ್ರು." ಆಮೇಲೆ, ಪಾರ್ಸೆಲ್ಲಿಗೆ ದಾರ ಸುತ್ತುವವರ ಹಾಗೆ ಚುರುಕಾಗಿ, "ಈಗ ಕೇಳಿ. ಮಧ್ಯಾಹ್ನ ನಾನೇ ಡಾಕ್ಟರಿಗೆ ಫೋನ್ ಮಾಡ್ತೀನಿ. ಸಕ್ಕರೆ ಪೂರ್ತಿ ಬಿಟ್ಟಿದ್ದೀನಿ, ಔಷಧಿ ಇಳಿಸಿ ಅಂತೀನಿ. ಮಗಳಿಗೂ ಹಾಗೇ ಹೇಳ್ತೀನಿ. ನಿಮ್ಮ ಹೆಸರು ಎಲ್ಲೂ ಬರಲ್ಲ. ಕಳ್ಳಿ ಅಂತ ಹೇಗೂ ಅನ್ನಿಸ್ಕೊಂಡಾಗಿದೆ, ಒಂದೇ ಹೆಸರು ಎರಡು ಸಲ ಬರಲ್ಲ."

ಬೇಡ ಎನ್ನಬೇಕಿತ್ತು. ಬಾಯಿಂದ ಬಂದದ್ದು ಹೂಂ ಎಂಬ ಒಂದು ಶಬ್ದ. ಅದು ಮಾತೂ ಆಗಿರಲಿಲ್ಲ, ಒಪ್ಪಿಗೆಯಷ್ಟೇ ಆಗಿತ್ತು. ಉಳಿದ ಅರ್ಧ ದಿನ ಆ ಹೂಂ ಅವನ ಹಿಂದೆಯೇ ಬಂತು. ಗೇಟು ತೆರೆದಾಗ ಅವನಿಗಿಂತ ಮುಂಚೆ ಒಳಗೆ ಹೋಯಿತು. ಅಂಕಿಗಳನ್ನು ಅವನು ಎರಡೆರಡು ಸಲ ಓದಿದ. ಮುದುಕಿ ಎಷ್ಟು ಅಗ್ಗವಾಗಿ ತನ್ನನ್ನು ಬಿಡಿಸಿಕೊಟ್ಟರು ಎಂದುಕೊಂಡ. ಅಗ್ಗ ಎಂಬ ಮಾತು ಬಂದದ್ದೇ ನಡಿಗೆ ನಿಂತಿತು. ಅವನು ಜೀವನದಲ್ಲಿ ಯಾವ ವಸ್ತುವನ್ನೂ ಪೂರ್ತಿ ಬೆಲೆ ಕೊಟ್ಟು ಕೊಂಡವನಲ್ಲ. ಯಾವತ್ತೂ ಅಂಗಡಿ ಮುಚ್ಚುವ ಹೊತ್ತಿಗೆ, ಕೊನೆಯ ರಾಶಿಗೆ, ಯಾರೋ ಬಿಟ್ಟುಹೋದದ್ದಕ್ಕೆ. ಅದರಲ್ಲಿ ತಪ್ಪಿಲ್ಲ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಆದರೆ ಇವತ್ತು ಚಾಚಿದ್ದು ಯಾರ ಹಾಸಿಗೆಯಲ್ಲಿ? ಈ ಮನೆಗೆ ಬಂದ ಮೊದಲ ತಿಂಗಳಲ್ಲಿ ಅತ್ತೆ ಒಂದು ಸಂಜೆ ದೀಪ ಹಾಕದೆ ಕಿಟಕಿಯ ಬಳಿ ಕೂತು ಓದುತ್ತಿದ್ದುದನ್ನು ಕಂಡು ಅವನಿಗೆ ಸಂತೋಷವಾಗಿತ್ತು, ನಮ್ಮ ಮನೆಗೆ ಹೊಂದಿಕೊಂಡರು ಎಂದು. ಹೊಂದಿಕೊಳ್ಳುವುದೆಂದರೆ ಅವರ ಪಾಲಿಗೆ ಕಡಿಮೆಯಾಗುವುದಾಗಿತ್ತು. ದೀಪ ಕಡಿಮೆ, ಮಾತು ಕಡಿಮೆ, ಕೊನೆಗೆ ಔಷಧವೂ ಕಡಿಮೆ.

ಏಳು ಗಂಟೆಗೆ ಹೆಂಡತಿ ಕೈ ತೊಳೆದು, ಸಿರಿಂಜು ಬಿಚ್ಚಿ, ಶೀಶೆಯ ರಬ್ಬರು ಮುಚ್ಚಳವನ್ನು ಒರೆಸಿದಳು. ದಿನವೆಲ್ಲ ಮಂಡಿಯೂರಿ ಕೂತು ಎದ್ದವಳು ನಿಲ್ಲುವಾಗ ಸೊಂಟಕ್ಕೆ ಒಂದು ಕೈ ಕೊಟ್ಟುಕೊಂಡಿದ್ದಳು. ಅವನು ಊಟದ ಮೇಜಿನ ಆಚೆ ಕೂತಿದ್ದ. ಡಾಕ್ಟರ ಜೊತೆ ಮಾತಾಯಿತೇ ಎಂದು ಅತ್ತೆಯನ್ನು ಕಣ್ಣಲ್ಲೇ ಕೇಳಿದ. ಅತ್ತೆ ಕಣ್ಣು ತಪ್ಪಿಸಿದರು.

"ಪುಟ್ಟೀ," ಎಂದರು ಅತ್ತೆ, ರವಿಕೆಯ ತೋಳು ಮಡಿಸುತ್ತ. "ಇವತ್ತು ಹದಿನಾಲ್ಕೇ ಹಾಕು. ನಾನು ಡಾಕ್ಟರಿಗೆ ಫೋನ್ ಮಾಡಿದ್ದೆ. ಸಕ್ಕರೆ ಬಿಟ್ಟಿದ್ದೀನಿ ಅಂದೆ. ಹಾಗಾದ್ರೆ ಹದಿನಾಲ್ಕು ಸಾಕು ಅಂದ್ರು."

"ಯಾವಾಗ ಮಾಡಿದ್ದೆ?"

"ಮಧ್ಯಾಹ್ನ. ಮೂರು ಗಂಟೆ ಇರಬಹುದು."

"ಅವರು ಆರು ಗಂಟೆಗೆ ಮುಂಚೆ ಫೋನೇ ತಗೊಳ್ಳಲ್ಲಮ್ಮ." ಹೆಂಡತಿ ನಗುವವಳಂತೆ ಅವನ ಕಡೆ ತಿರುಗಿದಳು. "ನೋಡಿದ್ರಾ? ತಿನ್ನೋದಾಯ್ತು, ಈಗ ಸುಳ್ಳು. ಒಂದೇ ದಿನಕ್ಕೆ ಸಕ್ಕರೆ ಬಿಟ್ಳಂತೆ, ಒಂದೇ ದಿನಕ್ಕೆ ಸರಿಹೋದ್ಳಂತೆ. ಸೂಜಿ ಅಂದ್ರೆ ಭಯ, ಅಷ್ಟೇ. ತೋಳು ಕೊಡು."

"ಸುಳ್ಳಲ್ಲ ಕಣೇ, ಕೇಳು ಇಲ್ಲಿ."

"ನಿನ್ನ ಮಾತು ಇನ್ನು ಯಾರು ನಂಬ್ತಾರಮ್ಮ?" ಅವಳು ಸಿಟ್ಟಿನಿಂದ ಹೇಳಲಿಲ್ಲ. ಬಹಳ ಸುಸ್ತಾದವರು ಹೇಳುವ ಹಾಗೆ ಹೇಳಿದಳು. ಹೇಳುತ್ತಲೇ ಪಿಸ್ಟನ್ನನ್ನು ಇಪ್ಪತ್ನಾಲ್ಕರ ಗೆರೆಗೆ ಎಳೆದು, ಗುಳ್ಳೆ ಹೋಗಲೆಂದು ಉಗುರಲ್ಲಿ ಎರಡು ಸಲ ತಟ್ಟಿದಳು.

ಅತ್ತೆ ತೋಳು ಹಿಂದಕ್ಕೆಳೆದುಕೊಂಡರು. ಮಗಳು ಅದನ್ನು ಹಿಡಿದಳು. ತೋಳು ಚಿಕ್ಕದಾಗಿತ್ತು, ಚರ್ಮ ಸಡಿಲವಾಗಿ ಮೂಳೆಯ ಸುತ್ತ ಜಾರಿತು. ಮೇಜಿನಾಚೆ ಕೂತಿದ್ದವನು ಈಗ ಈಚೆ ಹೇಗೆ ಬಂದ ಎಂಬುದು ಅವನಿಗೂ ತಿಳಿಯಲಿಲ್ಲ. ಕುರ್ಚಿ ಬಿದ್ದ ಸದ್ದು ಆಮೇಲೆ ಕೇಳಿಸಿತು. ಅವನು ಹೆಂಡತಿಯ ಮುಂಗೈ ಹಿಡಿದಿದ್ದ.

"ಏನ್ರೀ ಇದು? ಸೂಜಿ ಇದೆ ಕೈಯಲ್ಲಿ!"

"ಅದು ಹೋಗಬಾರದು."

"ಯಾವುದು?"

"ಅವರು ಸಕ್ಕರೆ ತಿಂದಿಲ್ಲ. ಔಷಧಿ ಸತ್ತುಹೋಗಿತ್ತು. ನಾನು ಕೊಂದಿದ್ದೆ." ಒಮ್ಮೆ ಶುರುವಾದ ಮೇಲೆ ಅವನ ಮಾತು ಕಚೇರಿಯ ವರದಿಯ ಹಾಗೆ ಸಾಲಾಗಿ ಬಂತು: ಎಂಟು ಗಂಟೆ, ನಾಲ್ಕು ಬಾಟಲಿ, ನಡುವೆ ಶೀಶೆ, ಹಗಲೆಲ್ಲ ಸ್ವಿಚ್ಚಿಲ್ಲ, ಇವತ್ತು ಅಂಟಿಕೊಂಡದ್ದು, ಹೊಸದು ತಂದದ್ದು, ಹಳೆಯದು ಕಸದ ಗಾಡಿಗೆ ಹೋದದ್ದು. ಮೇಲಿನ ಖಾನೆಯೊಳಗೆ ತಳ್ಳಿದ್ದನ್ನೂ ಹೇಳಿದ. ಹೇಳದಿದ್ದರೂ ನಡೆಯುತ್ತಿತ್ತು. ಹೆಂಡತಿಯ ಮುಖದಲ್ಲಿ ಏನೂ ಬದಲಾಗಲಿಲ್ಲ. ಅವಳು ಸಿರಿಂಜನ್ನು ದೀಪ ಹಿಡಿದಂತೆ ನೆಟ್ಟಗೆ ಹಿಡಿದು, ಅವನನ್ನು ಬಿಟ್ಟು ತಾಯಿಯ ಕಡೆ ನೋಡಿದಳು.

"ಹೌದಾಮ್ಮ?"

"ಇಲ್ಲ," ಎಂದರು ಅತ್ತೆ, ಗೋಡೆ ನೋಡುತ್ತ. "ಅವರು ನನ್ನ ಮೇಲಿನ ಕರುಣೆಗೆ ಹೇಳ್ತಿದಾರೆ. ನಾನು ತಿಂದಿದ್ದೀನಿ."

"ಅತ್ತೆ!"

"ತಿಂದಿದ್ದೀನಿ ಅಂದ್ನಲ್ಲ. ಎರಡು ಚಮಚ."

ಸಿರಿಂಜು ಇಬ್ಬರ ನಡುವೆ ನಿಂತಿತ್ತು. ಹೆಂಡತಿ ಒಬ್ಬರಿಂದ ಇನ್ನೊಬ್ಬರ ಕಡೆ ನೋಡಿದಳು. ಅವನಿಗೆ ಆ ಕ್ಷಣ ತಿಳಿಯಿತು, ಇಬ್ಬರಲ್ಲಿ ಯಾರನ್ನು ನಂಬಬೇಕೆಂದು ಅವಳಿಗೆ ನಿಜವಾಗಿ ಗೊತ್ತಾಗುತ್ತಿಲ್ಲ. ಹದಿನಾರು ವರ್ಷದ ಸಂಸಾರದಲ್ಲಿ ಅವನು ತಪ್ಪೊಪ್ಪಿಕೊಂಡದ್ದನ್ನು ಅವಳು ನೋಡಿರಲಿಲ್ಲ, ತಾಯಿ ಒಪ್ಪಿಕೊಳ್ಳದ ತಪ್ಪೇ ಇರಲಿಲ್ಲ. ಅವಳು ಎಡಗೈಯಲ್ಲಿ ಫೋನ್ ತೆಗೆದು ಡಾಕ್ಟರ ನಂಬರು ಒತ್ತಿ, ಸ್ಪೀಕರು ಹಾಕಿ, ಮೇಜಿನ ಮೇಲೆ ಅವನ ಮುಂದೆ ತಳ್ಳಿದಳು. "ನೀವೇ ಹೇಳಿ. ಅವರಿಗೆ ಹೇಳಿದ್ರೆ ನಂಬ್ತೀನಿ."

ಹೇಳಿದ. ಎರಡನೆಯ ಸಲ ಹೇಳುವಾಗ ವರದಿಯ ಸಾಲು ಸಿಗಲಿಲ್ಲ, ಮಾತು ಅಲ್ಲಲ್ಲಿ ಕುಸಿಯಿತು. ಆ ಕಡೆ ಬೇರೆ ರೋಗಿಗಳ ಕೆಮ್ಮು ಕೇಳುತ್ತಿತ್ತು. ಎಷ್ಟು ದಿನದಿಂದ? ಐದು ತಿಂಗಳು. ಪ್ರತಿದಿನಾನಾ? ಭಾನುವಾರ ಬಿಟ್ಟು, ಭಾನುವಾರ ಮನೆಯಲ್ಲಿ ಇರ್ತೀವಿ. ಡಾಕ್ಟರು, ಇವತ್ತು ಹನ್ನೆರಡು ಸಾಕು, ಊಟ ಬಿಡಿಸಬೇಡಿ, ಮಲಗೋ ಮುಂಚೆ ಒಮ್ಮೆ ರಕ್ತ ಪರೀಕ್ಷೆ ಮಾಡಿ, ಬೆವರಿದ್ರೆ ತಕ್ಷಣ ಸಕ್ಕರೆ ನೀರು ಕೊಡಿ, ಬೆಳಗ್ಗೆ ಕರ್ಕೊಂಡು ಬನ್ನಿ, ಎಂದರು. ನಿನ್ನೆ ಆ ಅಮ್ಮನ್ನ ಸುಮ್ಮನೆ ಅಂದುಬಿಟ್ಟೆ, ನಾಳೆ ನಾನೇ ಮಾತಾಡ್ತೀನಿ ಅವರ ಹತ್ರ, ಎಂದೂ ಸೇರಿಸಿದರು. ಕೊನೆಗೆ, ಬೈಯುವ ದನಿಯಲ್ಲಲ್ಲ, ತಿಳಿದುಕೊಳ್ಳುವ ಕುತೂಹಲದಲ್ಲಿ ಕೇಳಿದರು: "ಅಲ್ಲ, ಹಾಗೆ ಮಾಡಿದ್ರೆ ಎಷ್ಟು ಉಳೀತಿತ್ತು?"

ಹದಿನಾರು ಯೂನಿಟ್ ಎನ್ನುವುದು ನಾಲಿಗೆಯ ತುದಿಯವರೆಗೆ ಬಂತು. ಆದರೆ ನೀರನ್ನು ಕಲ್ಲುಮಾಡಲು ರಾತ್ರಿ ಫ್ರಿಜ್ಜು ಎಷ್ಟು ಎಳೆಯುತ್ತಿತ್ತು, ಹಗಲು ಎಷ್ಟು ಬಿಟ್ಟಿತು, ಎರಡನ್ನೂ ಕಳೆದು ಉಳಿದದ್ದೆಷ್ಟು ಎಂದು ಅವನು ಒಂದು ದಿನವೂ ಮೀಟರಿನ ಮುಂದೆ ನಿಂತು ನೋಡಿರಲಿಲ್ಲ. ಊರಿನವರ ಮೀಟರನ್ನೆಲ್ಲ ಓದಿದವನು. ಆ ಹದಿನಾರು ಬಾಟಲಿಯದ್ದೋ, ಕಿಟಕಿಯ ಬಳಿ ಕತ್ತಲಲ್ಲಿ ಕೂತವರದ್ದೋ ಯಾರಿಗೆ ಗೊತ್ತು.

"ಗೊತ್ತಿಲ್ಲ ಡಾಕ್ಟರೇ," ಎಂದ. "ಅಳೆದು ನೋಡಿಲ್ಲ."

ಫೋನ್ ಆರಿತು. ಹೆಂಡತಿ ಹೆಚ್ಚಿನ ಔಷಧವನ್ನು ಸಿಂಕಿಗೆ ಚಿಮ್ಮಿಸಿದಳು. ಅಷ್ಟು ಔಷಧ ನಲ್ಲಿಯ ಕೆಳಗೆ ಹರಿದುಹೋಗುವುದನ್ನು ಮೂವರೂ ನೋಡಿದರು. ಆಮೇಲೆ ಅವಳು ಸಿರಿಂಜನ್ನು ಅವನ ಕಣ್ಣಿಗೆ ಒಂದು ಗೇಣು ದೂರದಲ್ಲಿ ಹಿಡಿದಳು.

"ಓದಿ."

"ಹನ್ನೆರಡು."

"ಇನ್ನೊಂದ್ಸಲ."

ಗೆರೆಗಳು ಒಂದರ ಮೇಲೊಂದು ಬಂದು ಕದಡಿದವು. ಅವನು ಕಣ್ಣು ಮುಚ್ಚಿ ತೆರೆದ, ಬುಡದಿಂದ ಒಂದೊಂದಾಗಿ ಎಣಿಸಿದ, ಎಣಿಸುವಾಗ ತುಟಿ ಅಲುಗಿತು. "ಹನ್ನೆರಡು," ಎಂದ.

ಅತ್ತೆ ತೋಳು ಚಾಚಿ ಆಗಲೇ ಎಷ್ಟೋ ಹೊತ್ತಾಗಿತ್ತು. "ಗಂಡ ಹೆಂಡತಿ ಓದಿ ಮುಗಿಸಿದ್ರೆ ಚುಚ್ಚಿ," ಎಂದರು. "ನನಗೆ ಹಸಿವಾಗ್ತಿದೆ."